ಕೈ ತಟ್ಟದ ಆ ಸಂಜೆ



ಈ ವರ್ಷ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡ ಏನು ಗೆದ್ದಿತು ಎಂದು ಭಾನುವಾರದ ಪೂಜೆ ಮುಗಿದ ಮೇಲೆ ನಿಮ್ಮಲ್ಲಿ ಅನೇಕರು ನಮ್ಮನ್ನು ಕೇಳಿದ್ದೀರಿ. ಕಪ್ ಏನೂ ಬರಲಿಲ್ಲ. ಅಂತರ ಕಾಲೇಜು ಪಂದ್ಯಾವಳಿಯಲ್ಲಿ ಸೆಮಿಫೈನಲ್‌ವರೆಗೆ ಹೋಗಿ ಒಂದೇ ಒಂದು ಅಂಕದಿಂದ ಸೋತೆವು. ಯುವಜನರ ಪುಟಕ್ಕೆ ಏನಾದರೂ ಬರೆಯಿರಿ ಎಂದು ಫಾದರ್ ಹೇಳಿದಾಗ ಮೊದಲು ಆ ಪಂದ್ಯದ ಬಗ್ಗೆಯೇ ಬರೆಯೋಣ ಎಂದುಕೊಂಡೆವು. ಕುಳಿತು ಮಾತಾಡಿದಾಗ ಗೊತ್ತಾಯಿತು, ನಮ್ಮನ್ನು ಇನ್ನೂ ಕಾಡುತ್ತಿರುವುದು ಆ ಸೋಲಲ್ಲ, ಸೋತ ಮೇಲೆ ನಾವು ನಡೆದುಕೊಂಡ ರೀತಿ. ಅದನ್ನೇ ಬರೆಯುತ್ತಿದ್ದೇವೆ.

ತಂಡದ 12 ಜನರಲ್ಲಿ ನಾಲ್ವರು ನಮ್ಮ ಧರ್ಮಕೇಂದ್ರದವರು. ನಾಲ್ವರ ಮನೆಯೂ ಆರ್.ಎಸ್. ಪುರಂನಲ್ಲಿ, ಡಿ.ಬಿ. ರಸ್ತೆಯಿಂದ ನಡೆದು ಹೋಗುವಷ್ಟು ದೂರ. ನಮ್ಮ ಅಜ್ಜಂದಿರು ಕೊಳ್ಳೇಗಾಲ, ಚಾಮರಾಜನಗರದ ಕಡೆಯಿಂದ ದಿಂಬಂ ಘಾಟಿಯ 27 ತಿರುವು ಇಳಿದು ಕೆಲಸ ಹುಡುಕಿಕೊಂಡು ಬಂದವರು. 1956ರವರೆಗೆ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. "ನಾನೆಲ್ಲಿ ಜಿಲ್ಲೆ ಬಿಟ್ಟೆ? ಜಿಲ್ಲೆಯೇ ನನ್ನ ಊರನ್ನು ಬಿಟ್ಟಿತು" ಎಂದು ನಮ್ಮಲ್ಲೊಬ್ಬನ ಅಜ್ಜ ನಗುತ್ತಿದ್ದರು. ಹೀಗಾಗಿ ನಮಗೆ ಪೂಜೆ ತಮಿಳಿನಲ್ಲಿ, ಮನೆಯ ಜಪಸರ ಕನ್ನಡದಲ್ಲಿ. ಕೋರ್ಟಿನಲ್ಲಿ ಎಲ್ಲರಿಗೂ ಕೇಳುವಂತೆ ತಮಿಳಿನಲ್ಲಿ ಕೂಗುತ್ತೇವೆ, ಎದುರಾಳಿಗೆ ಗೊತ್ತಾಗಬಾರದ ಮಾತನ್ನು ಕನ್ನಡದಲ್ಲಿ ಹೇಳಿಕೊಳ್ಳುತ್ತೇವೆ!

ಕೊಯಮತ್ತೂರಿನಲ್ಲಿ ಬೆಳೆದವರಿಗೆ ಬಾಸ್ಕೆಟ್‌ಬಾಲ್ ಹೊಸದೇನಲ್ಲ. ಪಿ.ಎಸ್.ಜಿ. ಟ್ರೋಫಿಗೆ, ನಾಚಿಮುತ್ತು ಗೌಂಡರ್ ಕಪ್‌ಗೆ ದೇಶದ ದೊಡ್ಡ ತಂಡಗಳು ಇಲ್ಲಿಗೆ ಬರುತ್ತವೆ. ಹೆಣ್ಣುಮಕ್ಕಳಿಗೆ ಸಿ.ಆರ್.ಐ. ಪಂಪ್ಸ್ ಟ್ರೋಫಿ ಇದೆ. ಗ್ಯಾಲರಿಯಲ್ಲಿ ಕಡಲೆಕಾಯಿ ತಿನ್ನುತ್ತಾ ಎತ್ತರದ ಆಟಗಾರರನ್ನು ಬಾಯಿ ಬಿಟ್ಟುಕೊಂಡು ನೋಡಿದ ಹುಡುಗರೇ ನಾವು.

ಈ ಆಟಕ್ಕೂ ನಮ್ಮ ವಿಶ್ವಾಸಕ್ಕೂ ಒಂದು ಹಳೆಯ ನಂಟಿದೆ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈ.ಎಂ.ಸಿ.ಎ. ತರಬೇತಿ ಶಾಲೆಯ ಶಿಕ್ಷಕ ಜೇಮ್ಸ್ ನೈಸ್ಮಿತ್ ಇದನ್ನು ಕಂಡುಹಿಡಿದರು. ಅವರು ದೈವಶಾಸ್ತ್ರ ಓದಿದವರು. ಚಳಿಗಾಲದಲ್ಲಿ ಹೊರಗೆ ಆಡಲಾಗದ ಹುಡುಗರಿಗಾಗಿ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿ 13 ನಿಯಮಗಳನ್ನು ಬರೆದರು. ಚೆಂಡು ಹಿಡಿದವನು ಅದನ್ನು ಹಿಡಿದುಕೊಂಡು ಓಡುವಂತಿಲ್ಲ ಎನ್ನುವುದು ಅವುಗಳಲ್ಲಿ ಒಂದು. ಓಡಲಾಗದಿದ್ದರೆ ಏನು ಮಾಡಬೇಕು? ಜೊತೆಗಾರನಿಗೆ ಕೊಡಬೇಕು. 1920ರಲ್ಲಿ ಹ್ಯಾರಿ ಕ್ರೋ ಬಕ್ ಮದ್ರಾಸಿನಲ್ಲಿ ಶುರುಮಾಡಿದ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಶಾಲೆಯಲ್ಲಿ ಕಲಿತವರು ದಕ್ಷಿಣದ ಎಷ್ಟೋ ಶಾಲೆ ಕಾಲೇಜುಗಳಿಗೆ ಆಟದ ಮೇಷ್ಟ್ರುಗಳಾಗಿ ಹೋದರು.

ಜೂನ್‌ನಲ್ಲಿ ಕಾಲೇಜು ತೆರೆಯುತ್ತಿದ್ದಂತೆ ನಮ್ಮ ಅಭ್ಯಾಸ ಶುರು. ಬೆಳಿಗ್ಗೆ ಐದೂವರೆಗೆ ಕೋರ್ಟಿನಲ್ಲಿರಬೇಕು. ಒಂದು ನಿಮಿಷ ತಡವಾದರೂ ಸರ್ ಹತ್ತು ಸುತ್ತು ಓಡಿಸುತ್ತಿದ್ದರು. ನಮ್ಮ ನಾಲ್ವರಲ್ಲಿ ಒಬ್ಬ ಆಗಾಗ ತಡವಾಗಿ ಬರುತ್ತಿದ್ದ. ಕಾರಣ ಹೇಳದೆ ಸುಮ್ಮನೆ ಓಡುತ್ತಿದ್ದ. ಅವನ ಹೆಸರನ್ನು ಇಲ್ಲಿ ಬರೆದಿಲ್ಲ. ಇದನ್ನೆಲ್ಲ ಬರೆಯಲು ಅವನೇ ಒಪ್ಪಿದ್ದಾನೆ, ಹೆಸರು ಮಾತ್ರ ಬೇಡ ಎಂದ.

ಮೊದಲ ಎರಡು ಪಂದ್ಯ ಸುಲಭವಾಗಿ ಗೆದ್ದೆವು. ಕ್ವಾರ್ಟರ್ ಫೈನಲ್‌ನಲ್ಲಿ ಕೊನೆಯ ಹತ್ತು ನಿಮಿಷದ ಆಟದಲ್ಲಿ ಹಿಂದಿನಿಂದ ಬಂದು ಗೆದ್ದಾಗ ನಮ್ಮ ತಲೆ ನೆಲದ ಮೇಲೆ ಇರಲಿಲ್ಲ. ಸೆಮಿಫೈನಲ್ ಸೆಪ್ಟೆಂಬರ್‌ನ ಒಂದು ಶನಿವಾರ ಸಂಜೆ. ನಾಲ್ಕು ಸೆಕೆಂಡ್ ಉಳಿದಿತ್ತು, ನಾವು ಒಂದು ಅಂಕ ಹಿಂದೆ. ನಮ್ಮ ಗೆಳೆಯ ಚೆಂಡು ಹಿಡಿದು ಬುಟ್ಟಿಯತ್ತ ನುಗ್ಗಿದ. ಎದುರಾಳಿ ಅವನ ಕೈಗೆ ಹೊಡೆದ. ಫೌಲ್. ಎರಡು ಫ್ರೀ ಥ್ರೋ.

ಆಡದವರಿಗಾಗಿ ಒಂದು ಮಾತು. ಫ್ರೀ ಥ್ರೋ ಎಂದರೆ ಹಲಗೆಯಿಂದ 4.60 ಮೀಟರ್ ದೂರದ ಗೆರೆಯಲ್ಲಿ ನಿಂತು, ಯಾರ ಅಡ್ಡಿಯೂ ಇಲ್ಲದೆ, 3.05 ಮೀಟರ್ ಎತ್ತರದ ಬಳೆಯೊಳಗೆ ಚೆಂಡು ಹಾಕುವುದು. ಐದು ಸೆಕೆಂಡ್ ಸಮಯ. ನೋಡಿದರೆ ಎಲ್ಲಕ್ಕಿಂತ ಸುಲಭದ ಹೊಡೆತ. ಆದರೆ ಹೊಡೆಯುವವನು ಒಬ್ಬನೇ, ನೋಡುವವರು ನೂರಾರು. ಅದಕ್ಕೇ ಬಾಸ್ಕೆಟ್‌ಬಾಲ್‌ನಲ್ಲಿ ಒಂದು ರೂಢಿಯಿದೆ. ಚೆಂಡು ಒಳಗೆ ಬೀಳಲಿ, ಬೀಳದಿರಲಿ, ಮೊದಲ ಹೊಡೆತವಾದ ಕೂಡಲೇ ಜೊತೆಗಾರರು ಹೋಗಿ ಅವನ ಕೈ ತಟ್ಟುತ್ತಾರೆ. ಯಾವ ನಿಯಮ ಪುಸ್ತಕವೂ ಹಾಗೆ ಮಾಡು ಎನ್ನುವುದಿಲ್ಲ. ಆದರೂ ಎಲ್ಲ ತಂಡಗಳೂ ಮಾಡುತ್ತವೆ.

ಮೊದಲ ಚೆಂಡು ಬಳೆಯ ಮುಂಭಾಗಕ್ಕೆ ಬಡಿದು ಕೆಳಗೆ ಬಿತ್ತು. ಅವನು ರೂಢಿಯಂತೆ ಎರಡೂ ಕೈ ಚಾಚಿದ. ನಾವು ಹೋಗಲಿಲ್ಲ. ಒಬ್ಬ ಸೊಂಟದ ಮೇಲೆ ಕೈಯಿಟ್ಟು ನಿಂತ, ಇನ್ನೊಬ್ಬ ತಲೆ ಚಚ್ಚಿಕೊಂಡ, ಬೆಂಚಿನಲ್ಲಿದ್ದವನು ಟವೆಲ್ ಎಸೆದ. ಚಾಚಿದ ಕೈಯನ್ನು ಅವನು ಮೆಲ್ಲಗೆ ಹಿಂದಕ್ಕೆ ತೆಗೆದು ಶಾರ್ಟ್ಸಿಗೆ ಒರೆಸಿಕೊಂಡ. ಎರಡನೇ ಚೆಂಡು ಬಳೆಯ ಸುತ್ತ ಒಂದು ಸುತ್ತು ಸುತ್ತಿ ಹೊರಗೆ ಬಿತ್ತು.

ಅಂದು ರಾತ್ರಿ ಬಸ್ಸಿನಲ್ಲಿ ಅವನ ಪಕ್ಕದ ಸೀಟು ಖಾಲಿ ಇತ್ತು. ಮರುದಿನ ಭಾನುವಾರ ಬಲಿಪೂಜೆಗೆ ಬಂದ, ನಮ್ಮ ಮುಂದಿನ ಸಾಲಿನಲ್ಲಿ ನಿಂತ. ಶಾಂತಿಯ ಸೂಚನೆ ಕೊಡುವ ಹೊತ್ತಿಗೆ ಕೈ ಮುಗಿದು ಹಿಂದೆ ತಿರುಗಿದ. ನಾವು ಎಡಕ್ಕೆ ಕೈ ಮುಗಿದೆವು, ಬಲಕ್ಕೆ ಕೈ ಮುಗಿದೆವು, ಅವನ ಕಡೆ ನೋಡಲಿಲ್ಲ. ಆಮೇಲೆ ಸಾಲಾಗಿ ಹೋಗಿ ಪರಮಪ್ರಸಾದ ಸ್ವೀಕರಿಸಿದೆವು. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ.

ಅವನು ಅಭ್ಯಾಸಕ್ಕೆ ಬರುವುದನ್ನು ನಿಲ್ಲಿಸಿದ. ಯುವಜನರ ಕೂಟಕ್ಕೂ ಬರಲಿಲ್ಲ. "ಅವನಿಗೇ ನಾಚಿಕೆ, ಬಿಡು" ಎಂದುಕೊಂಡೆವು. ಒಂದು ದಿನ ಸರ್ ಆ ಪಂದ್ಯದ ಸ್ಕೋರ್ ಶೀಟ್ ತಂದು ನಮ್ಮ ಮುಂದಿಟ್ಟು ಏನೂ ಹೇಳದೆ ಹೋದರು. ತಂಡ ಆ ದಿನ ಒಟ್ಟು 11 ಫ್ರೀ ಥ್ರೋ ಕಳೆದುಕೊಂಡಿತ್ತು. ಅವನವು ಎರಡು. ಉಳಿದ ಒಂಬತ್ತು ಬೇರೆಯವರವು, ಅದರಲ್ಲಿ ಐದು ನಮ್ಮ ಮೂವರವೇ. ನಾವು ಅವನ್ನು ಎರಡನೇ ಕ್ವಾರ್ಟರ್‌ನಲ್ಲಿ ಕಳೆದುಕೊಂಡಿದ್ದರಿಂದ ಯಾರಿಗೂ ನೆನಪಿರಲಿಲ್ಲ, ಅಷ್ಟೇ.

ಲೆಕ್ಕ ತಿಳಿದ ಮೇಲೂ ನಾವು ಅವನ ಮನೆಗೆ ಹೋಗಲಿಲ್ಲ. ಏನೆಂದು ಹೋಗುವುದು? ಅಷ್ಟರಲ್ಲಿ ಅಕ್ಟೋಬರ್ ಬಂತು. ಜಪಸರದ ತಿಂಗಳು, ದಿನಕ್ಕೊಂದು ಮನೆಯಲ್ಲಿ ಜಪಸರ. ಮೂರನೇ ವಾರ ಅವರ ಮನೆಯ ಸರದಿ. ಯುವಜನರೇ ಹಾಡು ನಡೆಸಬೇಕು, ತಪ್ಪಿಸಿಕೊಳ್ಳುವಂತಿರಲಿಲ್ಲ. ಹಿಂದಿನ ದಿನದ ಕೂಟದಲ್ಲಿ ಮತ್ತಾಯನ ಶುಭಸಂದೇಶದ ಐದನೇ ಅಧ್ಯಾಯ ಓದಿದೆವು. ಸಹೋದರನಿಗೆ ನಿನ್ನ ಮೇಲೆ ಬೇಸರವಿದ್ದರೆ ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಅವನ ಬಳಿಗೆ ಹೋಗು ಎಂದು ಯೇಸುಸ್ವಾಮಿ ಹೇಳುವ ಭಾಗ. ಚಿಕ್ಕಂದಿನಿಂದ ಕೇಳಿದ್ದೇ. ಅವತ್ತು ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಜಪಸರ ಮುಗಿಯಿತು. ಅವನಮ್ಮ ಎಲ್ಲರಿಗೂ ಸುಂಡಲ್, ಕಾಫಿ ಕೊಟ್ಟರು. "ಎಷ್ಟು ದಿನ ಆಯ್ತಪ್ಪ ನೀವು ಈ ಕಡೆ ಬಂದು! ಇವನಿಗೂ ಪುರುಸೊತ್ತಿಲ್ಲ. ರಾತ್ರಿ ಮೂರು ಗಂಟೆಗೆ ಅಪ್ಪನ ಜೊತೆ ಪೂ ಮಾರ್ಕೆಟ್‌ಗೆ ಹೋಗ್ತಾನೆ. ಸತ್ಯಮಂಗಲದ ಮಲ್ಲಿಗೆ ಗಂಟು ಇಳಿಸಿ ಆಮೇಲೆ ಕಾಲೇಜು" ಎಂದರು. ಅವನು ಅಭ್ಯಾಸಕ್ಕೆ ಯಾಕೆ ತಡವಾಗಿ ಬರುತ್ತಿದ್ದ ಎಂದು ಆಗ ತಿಳಿಯಿತು. ಎರಡು ವರ್ಷ ಜೊತೆಗೆ ಆಡಿದವರು ನಾವು, ಒಮ್ಮೆಯೂ ಕೇಳಿರಲಿಲ್ಲ.

ಹೊರಗೆ ಬಂದು, "ಮಗಾ, ತಪ್ಪಾಯ್ತು. ಆ ಫ್ರೀ ಥ್ರೋ ವಿಷಯ ಬಿಟ್ಟುಬಿಡು" ಎಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಫ್ರೀ ಥ್ರೋನ ನಾನು ಎರಡು ದಿನಕ್ಕೇ ಬಿಟ್ಟೆ ಕಣ್ರೋ. ಗುಡಿಯಲ್ಲಿ ಕೈ ಮುಗಿದೆ, ನೀವು ಮುಗಿಯಲಿಲ್ಲ. ಅದನ್ನ ಬಿಡೋಕೆ ಆಗಲಿಲ್ಲ" ಎಂದ. ನಮ್ಮಲ್ಲಿ ಯಾರಿಗೂ ಉತ್ತರ ಬರಲಿಲ್ಲ. ನಾವು ಅವನನ್ನು ಕ್ಷಮಿಸಲು ಬಂದವರಂತೆ ಮಾತಾಡಿದ್ದೆವು. ಕ್ಷಮೆ ಬೇಕಾಗಿದ್ದದ್ದು ನಮಗೆ. ಅವನು ಆಗಲೇ "ಎಲ್ಲ ಸರಿಹೋಯ್ತು" ಎನ್ನಲಿಲ್ಲ. ಮರುದಿನ ಅಭ್ಯಾಸಕ್ಕೂ ಬರಲಿಲ್ಲ. ಆ ವಾರ ನಾವು ಮೂವರೂ ಪಾಪನಿವೇದನೆಗೆ ಹೋದೆವು. ಸರ್ ಬಳಿ ಹೋಗಿ ಅವನ ಕೆಲಸದ ವಿಷಯವನ್ನೂ ಹೇಳಿದೆವು. "ಇದನ್ನು ಮೊದಲೇ ಹೇಳೋಕೆ ಏನಾಗಿತ್ತು?" ಎಂದು ಬೈದು ಅವನಿಗೆ ಆರೂವರೆಗೆ ಬಂದರೆ ಸಾಕು ಎಂದರು. ಹತ್ತು ದಿನದ ಮೇಲೆ ಒಂದು ಬೆಳಿಗ್ಗೆ ಅವನು ಬಂದ. ಕೈಯಲ್ಲಿ ಇನ್ನೂ ಮಲ್ಲಿಗೆ ವಾಸನೆ ಇತ್ತು.

ಜನವರಿಯಲ್ಲಿ ಒಂದು ಓಪನ್ ಪಂದ್ಯಾವಳಿ ಆಡಿದೆವು, ಎರಡನೇ ಸುತ್ತಿನಲ್ಲೇ ಹೊರಬಿದ್ದೆವು. ಆ ಪಂದ್ಯದಲ್ಲಿ ಅವನಿಗೆ ಮತ್ತೆ ಎರಡು ಫ್ರೀ ಥ್ರೋ ಸಿಕ್ಕಿತು. ಮೊದಲನೆಯದು ತಪ್ಪಿತು. ಕೋರ್ಟಿನಲ್ಲಿದ್ದ ನಾಲ್ವರೂ ಓಡಿಹೋಗಿ ಅವನ ಕೈ ತಟ್ಟಿದೆವು. ಎರಡನೆಯದು ಒಳಗೆ ಬಿತ್ತು. ಅದಕ್ಕೂ ತಟ್ಟಿದೆವು. ಎರಡನೆಯದೂ ತಪ್ಪಿದ್ದರೆ ನಾವು ಹಾಗೇ ತಟ್ಟುತ್ತಿದ್ದೆವೇ ಎಂದು ಆಮೇಲೆ ಅವನೇ ಕೇಳಿದ. ತಟ್ಟುತ್ತಿದ್ದೆವು ಎಂದೆವು. ಅವನು ನಕ್ಕ.

ಒಂದೇ ದೇಹಕ್ಕೆ ಹಲವು ಅಂಗಗಳು, ಒಂದಕ್ಕೆ ನೋವಾದರೆ ಎಲ್ಲಕ್ಕೂ ನೋವು ಎಂದು ಸಂತ ಪೌಲರು ಕೊರಿಂಥದವರಿಗೆ ಬರೆದ ಪತ್ರದಲ್ಲಿ ತಿಳಿಸುತ್ತಾರೆ. ಗೆದ್ದಾಗ ಇದನ್ನು ಹೇಳುವುದು ಸುಲಭ. ನಮ್ಮ ಕೂಟದಲ್ಲಿ, ಗಾಯನವೃಂದದಲ್ಲಿ, ಮನೆಯಲ್ಲೂ ಯಾರಾದರೊಬ್ಬರು ತಪ್ಪಿ ಕೈ ಚಾಚಿ ನಿಂತಿರಬಹುದು. ಬರುವ ಭಾನುವಾರ ಶಾಂತಿಯ ಸೂಚನೆಯ ಹೊತ್ತಿಗೆ ದಯವಿಟ್ಟು ಒಮ್ಮೆ ಹಿಂದೆ ತಿರುಗಿ ನೋಡಿ.

ಜೂನ್‌ನಲ್ಲಿ ಅಭ್ಯಾಸ ಮತ್ತೆ ಶುರುವಾಗುತ್ತದೆ. ಪಂದ್ಯಗಳಿಗೆ ನೀವೂ ಬನ್ನಿ. ನಮಗಾಗಿ ಪ್ರಾರ್ಥಿಸಿ, ಗೆಲ್ಲಲೆಂದು ಮಾತ್ರವಲ್ಲ. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.