ಗೊತ್ತಿದ್ದವರ ಮೌನ: ಬೇಸಗೆ ರಜೆ, ಊರಮನೆ ಮತ್ತು ಕನ್ನಡ ಕಥನ

ಭಟ್ಕಳ ತಾಲ್ಲೂಕಿನ ಬೆಳಕೆಯಿಂದ ಹೊನ್ನಾವರ, ಕುಮಟೆಗಳವರೆಗಿನ ಕರಾವಳಿಯಲ್ಲಿ ಏಪ್ರಿಲ್, ಮೇ ತಿಂಗಳುಗಳೆಂದರೆ ಊರಮನೆಗಳು ತುಂಬುವ ಕಾಲ. ಮುಂಬಯಿ, ಹುಬ್ಬಳ್ಳಿ, ಬೆಂಗಳೂರುಗಳಿಗೆ ಚದುರಿಹೋದ ಸಂಸಾರಗಳು ರಜೆಯ ನೆಪದಲ್ಲಿ ಒಂದೇ ಸೂರಿನಡಿ ಸೇರುತ್ತವೆ. ಅಂಗಳದಲ್ಲಿ ಹಲಸಿನ ಹಪ್ಪಳ ಒಣಗುತ್ತಿರುತ್ತದೆ, ಜಗಲಿಯಲ್ಲಿ ಹಿರಿಯರ ಮಾತು ನಡೆದಿರುತ್ತದೆ, ಮಕ್ಕಳು ಅಟ್ಟ ಹತ್ತಿ ಹಳೆಯ ಟ್ರಂಕಿನ ಮುಚ್ಚಳ ತೆರೆಯುತ್ತಾರೆ. ಫೋಟೋ ಒಂದನ್ನು ಕೆಳಗೆ ತಂದು ‘ಇವರು ಯಾರು?’ ಎಂದು ಕೇಳಿದ ಮಗುವಿಗೆ ನೇರ ಉತ್ತರ ಸಿಗುವುದಿಲ್ಲ. ಒಬ್ಬರು ಮಾತು ಮರೆಸುತ್ತಾರೆ, ಇನ್ನೊಬ್ಬರು ಒಳಗೆದ್ದು ಹೋಗುತ್ತಾರೆ. ಮನೆತನದ ಗುಟ್ಟನ್ನು ವಸ್ತುವಾಗಿಸಿಕೊಂಡ ಕಾದಂಬರಿಗಳು ರಜೆಯ ಕಾಲವನ್ನು ಮತ್ತೆ ಮತ್ತೆ ಆರಿಸಿಕೊಳ್ಳುವುದಕ್ಕೆ ಇದೇ ಕಾರಣ. ವರ್ಷವಿಡೀ ಒಟ್ಟಿಗಿರುವವರು ಏನನ್ನು ಕೇಳಬಾರದೆಂದು ಕಲಿತಿರುತ್ತಾರೆ. ರಜೆಗೆ ಬಂದವರಿಗೆ ಆ ಪಾಠವಾಗಿರುವುದಿಲ್ಲ.

ಪತ್ತೇದಾರಿ ಕಾದಂಬರಿಯ ಪ್ರಶ್ನೆ ‘ಯಾರು ಮಾಡಿದರು?’ ಎಂಬುದು. ಗೃಹಕೇಂದ್ರಿತ ರಹಸ್ಯ ಕಾದಂಬರಿಯ ಪ್ರಶ್ನೆ ಬೇರೆ: ‘ಯಾರಿಗೆ ಗೊತ್ತಿತ್ತು? ಗೊತ್ತಿದ್ದೂ ಏಕೆ ಸುಮ್ಮನಿದ್ದರು?’ ಇಂಗ್ಲಿಷಿನ ಎಲ್. ಪಿ. ಹಾರ್ಟ್ಲಿಯ ‘ದಿ ಗೋ-ಬಿಟ್ವೀನ್’ (1953) ಈ ಬಗೆಯ ರಜೆಯ ಕಥನಕ್ಕೆ ಒಳ್ಳೆಯ ಉದಾಹರಣೆ. 1900ರ ಬೇಸಗೆಯಲ್ಲಿ ಗೆಳೆಯನ ಬಂಗಲೆಗೆ ಬಂದ ಲಿಯೋ ಎಂಬ ಹುಡುಗ, ಆ ಮನೆಯ ಮಗಳಿಗೂ ನೆರೆಯ ರೈತನಿಗೂ ನಡುವೆ ಪತ್ರ ಸಾಗಿಸುವವನಾಗುತ್ತಾನೆ. ದೊಡ್ಡವರ ಗುಟ್ಟಿಗೆ ಅವನು ಕೈಕಾಲು. ಅದರ ಬೆಲೆ ತೆರುವವನೂ ಅವನೇ. ವೃದ್ಧಾಪ್ಯದಲ್ಲಿ ಹಳೆಯ ದಿನಚರಿ ತೆರೆದಾಗಲೂ ಆ ಗಾಯ ಮಾಗಿರುವುದಿಲ್ಲ.

ಕರಾವಳಿಯ ಮನೆಗಳ ಗುಟ್ಟುಗಳಿಗೆ ಪ್ರೇಮದಷ್ಟೇ ಭೂಮಿಯೂ ಮೂಲ. ಉತ್ತರ ಕನ್ನಡ 1862ರಿಂದ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಓದು, ನೌಕರಿಗಳಿಗೆ ಹುಡುಗರು ಮುಂಬಯಿಯ ದಾರಿ ಹಿಡಿದರು. ಊರಲ್ಲಿ ಉಳಿದವರ ಕೈಯಲ್ಲಿ ಗದ್ದೆ, ತೋಟ, ಕಾಗದಪತ್ರಗಳು ಉಳಿದವು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನು ಕೊನೆಗಾಣಿಸಿ, ಉಳುವವನು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ ಒಡೆತನ ಪಡೆಯಲು ಅವಕಾಶ ಮಾಡಿಕೊಟ್ಟಿತು. ನೂರಾರು ವರ್ಷಗಳ ಅನ್ಯಾಯವನ್ನು ಸರಿಪಡಿಸಿದ ಈ ಕಾಯ್ದೆ ಮನೆಯೊಳಗೆ ಹೊಸ ಪ್ರಶ್ನೆಯನ್ನೂ ಹುಟ್ಟಿಸಿತು: ಅರ್ಜಿ ಯಾರ ಹೆಸರಿನಲ್ಲಿ? ಒಬ್ಬ ಅಣ್ಣನ ಹೆಸರಿಗೆ ಬಂದ ಭೂಮಿ ಅವನದೋ, ಅವಿಭಕ್ತ ಕುಟುಂಬದ್ದೋ ಎಂಬ ವ್ಯಾಜ್ಯಗಳು ದಶಕಗಳ ಕಾಲ ನ್ಯಾಯಾಲಯಗಳಲ್ಲಿ ನಡೆದಿವೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ಮೇಲೆ, ತವರಿಗೆ ಬಂದ ಮಗಳ ಮುಂದೆ ಹಕ್ಕುಬಿಡುಗಡೆ ಪತ್ರವನ್ನಿಟ್ಟು ಸಹಿ ಕೇಳುವುದೂ ರಜೆಯ ಕಲಾಪಗಳಲ್ಲಿ ಸೇರಿತು. ಮಾವಿನಹಣ್ಣಿನ ಊಟದ ನಂತರ ನಡೆಯುವ ಇಂಥ ಮಾತುಕತೆಗೆ ಯಾವ ರೋಚಕ ಕಾದಂಬರಿಯೂ ಸಾಟಿಯಲ್ಲ. ಅಲ್ಲಿ ಎಲ್ಲರ ದನಿಯೂ ಮೃದುವಾಗಿರುತ್ತದೆ.

ಈ ಜಿಲ್ಲೆಯ ಲೇಖಕರು ಮನೆಯ ಗುಟ್ಟನ್ನು ಹೊತ್ತುಕೊಂಡೇ ನಗರಕ್ಕೆ ಹೋದರೆನ್ನಬೇಕು. ಕುಮಟಾ ತಾಲ್ಲೂಕಿನ ಹನೇಹಳ್ಳಿಯಲ್ಲಿ ಹುಟ್ಟಿದ ಯಶವಂತ ಚಿತ್ತಾಲರ ‘ಶಿಕಾರಿ’ (1979) ಮುಂಬಯಿಯ ಕಂಪನಿಯೊಂದರ ಕತೆ. ಆರೋಪವೇನೆಂದೇ ತಿಳಿಯದೆ ಕೆಲಸದಿಂದ ಅಮಾನತುಗೊಂಡ ನಾಗಪ್ಪನನ್ನು ಬೇಟೆಯಾಡುವವರಿಗೆ ಅವನ ಬಾಲ್ಯದ ಮನೆಯ ನೋವೂ ಆಯುಧವಾಗಿ ಒದಗುತ್ತದೆ. ಊರಲ್ಲಿ ಮುಚ್ಚಿಟ್ಟದ್ದು ನಗರದಲ್ಲಿ ಹಗೆಯವರ ಕೈಸೇರುವುದು ಆ ಕಾದಂಬರಿಯ ದಿಗಿಲು.

ಇದೇ ಜಿಲ್ಲೆಯ ಮೂಲದ ವಿವೇಕ ಶಾನಭಾಗರು ಈ ದಿಗಿಲನ್ನು ಊಟದ ಮನೆಗೇ ತಂದರು. ಅವರ ‘ಘಾಚರ್ ಘೋಚರ್’ (2013) ಬೆಂಗಳೂರಿನ ಸಂಸಾರವೊಂದರ ಕತೆ. ಚಿಕ್ಕಪ್ಪನ ದುಡಿಮೆಯಿಂದ ದಿಢೀರನೆ ಸಿರಿ ಬಂದಿದೆ. ಆದ್ದರಿಂದ ಚಿಕ್ಕಪ್ಪನನ್ನು ಯಾರೂ ಏನನ್ನೂ ಕೇಳುವುದಿಲ್ಲ. ಅವನನ್ನು ಅರಸಿ, ಅವನಿಗಿಷ್ಟವಾದ ಸಾರು ಹಿಡಿದು ಬಾಗಿಲಿಗೆ ಬಂದ ಹೆಂಗಸನ್ನು ಮನೆಯ ಹೆಂಗಸರೇ ಬೈದು ಓಡಿಸುತ್ತಾರೆ. ಸೊಸೆ ಅನಿತಾ ಮಾತ್ರ ‘ಹೀಗೇಕೆ?’ ಎಂದು ಕೇಳುವವಳು. ಕಾದಂಬರಿ ಮುಗಿಯುವಾಗ ಅವಳು ಮನೆಯಲ್ಲಿಲ್ಲ, ಏನಾಗಿರಬಹುದೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಓದುಗನ ಎದೆಯಲ್ಲಿ ಭಯ ಹುಟ್ಟುವುದು ನಿರೂಪಕನ ತಣ್ಣನೆಯ ಸೌಜನ್ಯದಿಂದ. ‘ಸಕೀನಾಳ ಮುತ್ತು’ (2021) ಇನ್ನೊಂದು ಹೆಜ್ಜೆ ಮುಂದಿಡುತ್ತದೆ. ಮಗಳು ರೇಖಾ ಊರಮನೆಗೆ ಹೋಗಿದ್ದಾಳೆ, ಅಲ್ಲಿ ಫೋನು ಸಿಗದು. ಇತ್ತ ನಗರದ ಮನೆಯ ಬಾಗಿಲಿಗೆ ಅವಳನ್ನು ಕೇಳಿಕೊಂಡು ಅಪರಿಚಿತ ಯುವಕರು ಬರುತ್ತಾರೆ. ಮಗಳ ಹುಡುಕಾಟದೊಡನೆ, ಹಿಂದೆ ಕಾಣೆಯಾದ ರಮಣನೆಂಬ ಬಂಧುವಿನ ಕತೆಯೂ ಮೇಲೇಳುತ್ತದೆ. ಮಗಳು ಎಲ್ಲಿ ಎಂಬ ಆತಂಕ, ತಂದೆಗೆ ತನ್ನ ಮನೆತನದ ಬಗ್ಗೆ ಎಷ್ಟು ತಿಳಿದಿದೆ ಎಂಬ ಪ್ರಶ್ನೆಯಾಗಿ ಬೆಳೆಯುತ್ತದೆ.

ಈ ಬಗೆಯ ಕಥನವನ್ನು ಪಶ್ಚಿಮದಿಂದ ಬಂದ ಹೊಸ ಸರಕೆಂದು ಭಾವಿಸಬೇಕಾಗಿಲ್ಲ. ಹಾಡುವಳ್ಳಿ, ಗೇರುಸೊಪ್ಪೆಗಳ ಬಸದಿಗಳಿರುವ ಈ ಸೀಮೆಯ ಓದುಗರಿಗೆ ಜನ್ನನ ‘ಯಶೋಧರ ಚರಿತೆ’ (1209) ಹತ್ತಿರದ ನೆನಪು. ರಾಣಿ ಅಮೃತಮತಿ ಮಾವುತ ಅಷ್ಟಾವಂಕನ ಹಾಡಿಗೆ ಮನಸೋಲುತ್ತಾಳೆ. ಯಶೋಧರ ಇರುಳಲ್ಲಿ ಅವಳನ್ನು ಹಿಂಬಾಲಿಸಿ ಕಣ್ಣಾರೆ ಕಾಣುತ್ತಾನೆ, ಎತ್ತಿದ ಕತ್ತಿಯನ್ನು ತಡೆದುಕೊಂಡು ಮರಳುತ್ತಾನೆ. ಇಲ್ಲಿಯವರೆಗೆ ಇದು ದಾಂಪತ್ಯದ ದುರಂತ. ಕಾವ್ಯದ ಗತಿ ತಿರುಗುವುದು ಮರುದಿನ ಬೆಳಗ್ಗೆ. ಕಂಡದ್ದನ್ನು ತಾಯಿ ಚಂದ್ರಮತಿಗೆ ಹೇಳಲಾರದೆ ಅವನು ಅದನ್ನೊಂದು ಕೆಟ್ಟ ಕನಸೆಂದು ಮರೆಮಾಚುತ್ತಾನೆ. ಕನಸಿನ ದೋಷಪರಿಹಾರಕ್ಕೆ ತಾಯಿ ದೇವಿಗೆ ಬಲಿ ಕೊಡಲು ಹೇಳುತ್ತಾಳೆ. ಜೀವಹಿಂಸೆಗೆ ಒಪ್ಪದ ಮಗ ತಾಯಿಯ ಮಾತನ್ನು ಪೂರ್ತಿ ಮೀರಲೂ ಆಗದೆ ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಬಳಿಕ ತಾಯಿ, ಮಗ ಇಬ್ಬರೂ ಅಮೃತಮತಿಯಿಕ್ಕಿದ ವಿಷಕ್ಕೆ ಬಲಿಯಾಗಿ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ.

ಈ ಕಾವ್ಯವನ್ನು ಸಂಕಲ್ಪಹಿಂಸೆಯ ನಿದರ್ಶನವಾಗಿ ಓದುವ ಪರಂಪರೆ ಗಟ್ಟಿಯಾದದ್ದು, ಸರಿಯಾದದ್ದು. ಅದರೊಡನೆ ಇನ್ನೊಂದನ್ನೂ ಗಮನಿಸಬೇಕು. ಸಂಕಲ್ಪಹಿಂಸೆಗೆ ದಾರಿಮಾಡಿದ್ದು ಒಂದು ಸಂಭಾವಿತ ಸುಳ್ಳು. ಮನೆಯ ಮಾನ ಕಾಯಲು ಆಡಿದ ಆ ಮಾತು ಏನನ್ನೂ ಅರಿಯದ ತಾಯಿಯನ್ನೂ ಭವಚಕ್ರಕ್ಕೆ ಎಳೆಯಿತು. ಸತ್ಯ ತಿಳಿದಿದ್ದರೆ ಚಂದ್ರಮತಿ ಬೇರೆ ಸಲಹೆ ಕೊಡುತ್ತಿದ್ದಳೇನೋ. ಕೊಡುವ ಅವಕಾಶವೇ ಅವಳಿಗೆ ದೊರೆಯಲಿಲ್ಲ. ಇನ್ನೂ ಮುಖ್ಯವಾದದ್ದು, ಈ ಕತೆಯನ್ನು ಹೇಳುವವರು ಯಾರೆಂಬುದು. ತಾಯಿಮಗನೇ ಹಲವು ಜನ್ಮಗಳನ್ನು ದಾಟಿ ಅಭಯರುಚಿ, ಅಭಯಮತಿ ಎಂಬ ಎಳೆಯ ಅಣ್ಣತಂಗಿಯರಾಗಿ ಹುಟ್ಟಿದ್ದಾರೆ. ತಮ್ಮನ್ನು ಬಲಿಕೊಡಲು ನಿಂತ ಮಾರಿದತ್ತನೆದುರು ಅವರು ಮನೆತನದ ಗುಟ್ಟನ್ನು ಮೊದಲಿಂದ ಕೊನೆಯವರೆಗೆ ಬಿಚ್ಚಿಡುತ್ತಾರೆ. ದೊರೆ ಕತ್ತಿ ಕೆಳಗಿಡುತ್ತಾನೆ. ಹಿರಿಯರು ಕನಸೆಂದು ಮುಚ್ಚಿದ್ದನ್ನು ಮಕ್ಕಳು ಕಂಡದ್ದೆಂದು ಹೇಳಿದಾಗ ಹಿಂಸೆ ನಿಲ್ಲುತ್ತದೆ.

ಜನ್ನನನ್ನೂ ಶಾನಭಾಗರನ್ನೂ ಒಟ್ಟಿಗಿಟ್ಟು ಓದಿದರೆ ಎಂಟು ಶತಮಾನಗಳ ಅಂತರದ ಒಂದು ವ್ಯತ್ಯಾಸ ಕಾಣುತ್ತದೆ. ಜನ್ನನಲ್ಲಿ ಹೇಳುವವರಿಗೆ ಎಲ್ಲವೂ ಗೊತ್ತು, ಕೇಳುವವನಿಗೆ ಬದಲಾಗುವ ಮನಸ್ಸಿದೆ. ಇಂದಿನ ಕಾದಂಬರಿಯಲ್ಲಿ ಹೇಳುವವನೇ ಗುಟ್ಟಿನ ಪಾಲುದಾರ. ಅವನ ಮಾತಿನ ಸಂದುಗಳಲ್ಲಿ ಓದುಗನೇ ಸತ್ಯವನ್ನು ಹುಡುಕಬೇಕು. ಆದ್ದರಿಂದ ಇಂಥ ಕೃತಿಗಳನ್ನು ಅಧ್ಯಯನ ಮಾಡುವವರು ರಹಸ್ಯ ಯಾವ ಪುಟದಲ್ಲಿ ಬಯಲಾಯಿತೆಂದು ಗುರುತಿಸಿ ನಿಲ್ಲಬಾರದು. ಮೌನದಿಂದ ಯಾರಿಗೆ ಲಾಭವಾಯಿತು, ಯಾರ ಹೆಸರು ಮನೆಯ ಮಾತಿನಿಂದ ಅಳಿಯಿತು ಎಂಬುದನ್ನು ಲೆಕ್ಕ ಹಾಕಬೇಕು. ಬಾಗಿಲಿಂದ ಹಿಂದಿರುಗಿದ ಹೆಂಗಸು, ಕಾಣೆಯಾದ ರಮಣ, ಸಹಿ ಹಾಕಿ ಗಂಡನ ಮನೆಯ ಬಸ್ಸು ಹತ್ತಿದ ಮಗಳು, ಇವರೆಲ್ಲ ಆ ಲೆಕ್ಕದಲ್ಲಿ ಬರಬೇಕಾದವರು.