ನಿಂತ ಲಕ್ಷ್ಮಿ

ಕೋಡಿಬಾಗದ ನಮ್ಮ ಮನೆಯಲ್ಲಿ ಅಜ್ಜಿಯ ಕಾಲದಿಂದಲೂ ಲಕ್ಷ್ಮಿಯ ಪಟವೊಂದಿರುವದು. ರಾಜಾ ರವಿವರ್ಮನು 1896ರಲ್ಲಿ ಬರೆದ ಚಿತ್ರದ ಅಚ್ಚು ಅದು. 1894ರಲ್ಲಿ ಆತನು ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದ ಮೇಲೆ, ಅರಮನೆಯ ಗೋಡೆಗಳಿಗೆ ಮಾತ್ರ ಮೀಸಲಾಗಿದ್ದ ಇಂತಹ ಚಿತ್ರಗಳು ಬಡವರ ಮನೆಗಳಿಗೂ ಬಂದವು. ನಮ್ಮ ಪಟದ ಸೀರೆಯಂಚಿಗೆ ನಮ್ಮ ತಾಯಿಯವರು ಜರಿಯ ಎಳೆಯನ್ನೂ ಚಮಕಿಯನ್ನೂ ಅಂಟಿಸಿ ಶೃಂಗರಿಸಿದ್ದರು.

ಸಂಸ್ಕೃತವನ್ನು ಕಲಿತು ಬಂದ ಹೊಸದರಲ್ಲಿ ನಮಗೆ ಆ ಪಟದ ವಿಷಯದಲ್ಲಿ ಬಹಳ ತಾತ್ಸಾರವಿತ್ತು. ಗಜಲಕ್ಷ್ಮಿಯೆಂದರೆ ಪದ್ಮಾಸನದಲ್ಲಿ ಕುಳಿತಿರಬೇಕು. ಎರಡು ಆನೆಗಳು ಕುಂಭಗಳಿಂದ ಅಭಿಷೇಕ ಮಾಡುತ್ತಿರಬೇಕು. ಇಲ್ಲಿಯೋ, ಮನೆಯ ಹೆಣ್ಣುಮಗಳಂತೆ ಸೀರೆಯುಟ್ಟ ದೇವಿಯು ತಾವರೆಯ ಮೇಲೆ ನಿಂತಿರುವಳು. ಪಕ್ಕದಲ್ಲಿ ಒಂದೇ ಆನೆ, ಅದರ ಸೊಂಡಿಲಲ್ಲಿ ನೀರಿನ ಕುಂಭವಿಲ್ಲ, ಹೂಮಾಲೆಯಿರುವದು. ಒಂದು ದೀಪಾವಳಿಯ ಅಮಾವಾಸ್ಯೆಯ ಸಂಜೆ, "ಇದು ಶಾಸ್ತ್ರಕ್ಕೆ ಸಮ್ಮತವಾದ ಮೂರ್ತಿಯಲ್ಲ, ಪೇಟೆಯ ಅಲಂಕಾರದ ಕಾಗದ" ಎಂದು ತಾಯಿಯವರೆದುರು ನುಡಿದೆವು. ಅವರು ಪಟದ ಮುಂದೆ ರಂಗೋಲಿ ಹಾಕಿ, ಅದರ ಮೇಲೆ ಬರಿಯ ಮಣೆಯೊಂದನ್ನಿರಿಸುತ್ತಿದ್ದರು. ತಲೆಯೆತ್ತದೆಯೇ, "ತಮಾ, ಬಂದವಳು ನಿಂತೇ ಇರ್ತಾಳೆ. ಕೂಡ್ರು ಅನ್ನೂದು ಮನೆಯವರ ಕೆಲ್ಸ ಅಲ್ವನೋ?" ಎಂದರು. ನಾವು ನಕ್ಕು ಸುಮ್ಮನಾದೆವು.

ತಾಯಿಯವರು ತೀರಿಕೊಂಡು ಕೆಲವು ವರ್ಷಗಳಾದ ಬಳಿಕ ಭಾಗವತದ ಎಂಟನೆಯ ಸ್ಕಂಧವನ್ನು ಮತ್ತೊಮ್ಮೆ ಓದುತ್ತಿದ್ದೆವು. ಕ್ಷೀರಸಾಗರದ ಮಥನದಲ್ಲಿ ಲಕ್ಷ್ಮಿಯು ಆವಿರ್ಭವಿಸುವಳು. ಆಗ ದೇವೇಂದ್ರನು ಮೊದಲು ತರುವದು ರತ್ನವನ್ನಲ್ಲ, ಅದ್ಭುತವಾದ ಒಂದು ಆಸನವನ್ನು. ಆಮೇಲೆ ನದಿಗಳು ನೀರನ್ನೂ, ಸಮುದ್ರನು ಪೀತಾಂಬರವನ್ನೂ, ವರುಣನು ವೈಜಯಂತೀ ಮಾಲೆಯನ್ನೂ ಒಪ್ಪಿಸುವರು. ನಾವು ಹಿಂದೆ ಅದೆಷ್ಟೋ ಸಲ ಪಾಠ ಹೇಳಿದ ಭಾಗವದು! ಅದರ ಅರ್ಥವು ತಾಯಿಯವರ ಮಣೆಯಲ್ಲಿತ್ತು; ನಮ್ಮ ಕಣ್ಣಿಗೆ ಕಂಡಿರಲಿಲ್ಲ.

ಅಂದಿನಿಂದ ಪಟವು ಬೇರೆಯಾಗಿ ತೋರುತ್ತಿರುವದು. ಕುಳಿತ ಗಜಲಕ್ಷ್ಮಿಗೆ ನಡೆಯುವದು ಪಟ್ಟಾಭಿಷೇಕ. ನಿಂತವಳಿಗೆ ಆನೆಯು ನೀಡುವ ಮಾಲೆಯು ಬರಮಾಡಿಕೊಳ್ಳುವ ಸತ್ಕಾರ. ಚಿತ್ರಕಾರನ ಮನಸ್ಸಿನಲ್ಲಿ ಇದೇ ಇದ್ದಿತೆಂದು ನಾವು ಹೇಳಲಾರೆವು. ಪಟವನ್ನು ಹೀಗೆ ನೋಡಲು ಮಾತ್ರ ಅಡ್ಡಿಯಿಲ್ಲ. ಲಕ್ಷ್ಮಿಯು ಚಂಚಲೆಯೆಂದು ಲೋಕವು ದೂರುವದು. ಬಂದವಳಿಗೆ ಮಣೆ ಕೊಟ್ಟೆವೋ ಇಲ್ಲವೋ ಎಂಬುದನ್ನು ಕೇಳುವವರು ಕಡಿಮೆ.

ಕಾಳೀ ನದಿಯು ಕಡಲನ್ನು ಸೇರುವ ಈ ಊರಿನ ಉಪ್ಪುಗಾಳಿಗೆ ಕಾಗದವು ಬಹಳ ಕಾಲ ತಾಳದು. ಪಟದ ಕೆಳಗಿನ ಅಂಚು ಶಿಥಿಲವಾಗಿದೆ. ಚಮಕಿಗಳು ಒಂದೊಂದಾಗಿ ಉದುರುತ್ತಿವೆ. ಕಳೆದ ದೀಪಾವಳಿಗೆ ಸೊಸೆಯು, "ಮಾವ, ಹೊಸ ಪಟ ತರೋಣವೇ?" ಎಂದು ಕೇಳಿದಳು. ತರಬಹುದೆಂದೆವು, ಹಳೆಯದನ್ನು ಮಾತ್ರ ತೆಗೆಯಬಾರದೆಂದೆವು. ಆ ಸಂಜೆ ಮಣೆಯನ್ನು ತೊಳೆದು ಒರಸಿ, ರಂಗೋಲಿಯ ಮೇಲೆ ನಾವೇ ಇರಿಸಿದೆವು. ತಾಯಿಯವರಿಗೆ ಆಗ ಹೇಳದೆ ಉಳಿದ ಉತ್ತರವು ಅದೊಂದೇ.