ಹಕ್ಕರಿಕಿ ಹುಡುಕುವ ಹೊತ್ತು

ಚಳಿಗಾಲದಲ್ಲಿ ಜೋಳದ ಹೊಲಕ್ಕೆ ಹೋದವರು ತಲೆಯೆತ್ತಿ ತೆನೆ ನೋಡುತ್ತಾರೆ. ನನಗೆ ಸಾಲಿನ ಬುಡವೇ ಇಷ್ಟ. ವಿಜಯಪುರದ ಕಡೆಯ ಎರೆಹೊಲಗಳಲ್ಲಿ, ಹಿಂಗಾರಿ ಜೋಳದ ನಡುವೆ, ಯಾರೂ ಬಿತ್ತದ ಹಕ್ಕರಿಕಿ ಸೊಪ್ಪು ನೆಲಕ್ಕೆ ಒರಗಿ ಮಲಗಿರುತ್ತದೆ. ಅದನ್ನು ಹುಡುಕಲು ಬೇಕಾದದ್ದು ಬಾಗುನಡಿಗೆ: ಎರಡು ಹೆಜ್ಜೆ, ಒಂದು ನಿಲುವು, ಮತ್ತೆ ಎರಡು ಹೆಜ್ಜೆ. ಅವಸರದವರ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಮಳೆ ಹಿಂದೆ ಸರಿದು ಎಷ್ಟೋ ದಿನವಾದರೂ ಈ ಹಸಿರು ಹೇಗೆ ಉಳಿಯಿತು? ಎಲ್ಲ ಎರೆಮಣ್ಣಿನ ಮಾಯೆ. ಕುಡಿದ ನೀರನ್ನು ಅದು ಒಡಲಲ್ಲಿ ಬಚ್ಚಿಟ್ಟುಕೊಂಡು, ಅಜ್ಜಿ ಸೆರಗಿನ ಗಂಟು ಬಿಚ್ಚಿ ಮೊಮ್ಮಕ್ಕಳಿಗೆ ಕಾಸು ಕೊಡುವ ಹಾಗೆ, ಚಳಿಗಾಲವೆಲ್ಲ ಚೂರುಚೂರೇ ಹೊರಗೆ ತೆಗೆಯುತ್ತದೆ. ಮೇಲೆ ಬಿರುಕು, ಒಳಗೆ ತಂಪು. ಜೋಳವೂ ಆ ಪಸೆಯ ಮೇಲೆಯೇ ಬೆಳೆಯುತ್ತದೆ, ಹಕ್ಕರಿಕಿಯೂ.

ಒಂದು ಎಲೆಯನ್ನು ಕೈಯಲ್ಲಿ ಹಿಡಿದು ನೋಡಿ. ಅಂಚಿಗೆಲ್ಲ ಸಣ್ಣ ಹಲ್ಲು, ನಡುವೆ ಬಿಳಿಚು ದಂಟು. ಚಿವುಟಿದ ಕೂಡಲೇ ಹಾಲು ಜಿನುಗಿ ಬೆರಳಿಗೆ ಅಂಟುತ್ತದೆ. ಎಳೆಯದನ್ನು ಬಾಯಿಗಿಟ್ಟರೆ ಮೊದಲು ನೀರುನೀರು, ಆಮೇಲೆ ಎಲ್ಲೋ ನಾಲಿಗೆಯ ಹಿಂಬದಿಯಲ್ಲಿ ಕಹಿಯ ಒಂದು ಗೆರೆ. ಹಳದಿ ಹೂ ಬಿಟ್ಟಮೇಲೆ ಆ ಗೆರೆ ದಪ್ಪವಾಗುತ್ತದೆ. ಹಾಗಾಗಿ ಹೂವಿಗೆ ಮೊದಲೇ ಹೋಗಬೇಕು.

ಹುಡುಕುವವರ ಕಾಲು ಪಕ್ಕದ ಕಡಲೆಹೊಲಕ್ಕೆ ತಾನಾಗಿ ಹೊರಳುತ್ತದೆ. ಅದು ಬಿತ್ತಿದ ಬೆಳೆ, ನಿಜ. ಆದರೆ ಕಡ್ಲಿ ಪಲ್ಲೆಯ, ಅಂದರೆ ಕಡಲೆಸೊಪ್ಪಿನ, ಹುಳಿಯನ್ನು ಯಾರೂ ಬಿತ್ತಿದ್ದಲ್ಲ. ಎಲೆಯ ಮೇಲಿನ ನವುರು ರೋಮಗಳು ಹುಳಿರಸ ಸ್ರವಿಸುತ್ತವೆ, ಅದು ಇಬ್ಬನಿಯೊಳಗೆ ಕರಗುತ್ತದೆ. ನಸುಕಿನಲ್ಲಿ ಗಿಡಗಳ ಮೇಲೆ ಬಿಳಿ ಬಟ್ಟೆ ಹಾಸಿ, ನೆನೆದ ಮೇಲೆ ಹಿಂಡಿ ಆ ಹುಳಿಯನ್ನು ಔಷಧಿಗೆಂದು ಕೂಡಿಡುವವರೂ ಇದ್ದರು. ಕುಡಿ ಕೀಳಲು ಹೋದರೆ ಹೊಲದವ್ವ ದೂರದಿಂದಲೇ ಕೂಗುತ್ತಾಳೆ: "ತುದಿ ಅಷ್ಟ ಚೂಟ್ರೆವ್ವಾ, ಬುಡ ಕೀಳಬ್ಯಾಡ್ರಿ!" ತುದಿ ಚಿವುಟಿದಷ್ಟೂ ಕಡಲೆ ಕವಲೊಡೆಯುತ್ತದೆಂದು ಆಕೆಗೆ ಗೊತ್ತು. ಆ ಕೂಗಿನಲ್ಲಿ ಬೈಗುಳವಿಲ್ಲ, ಅಪ್ಪಣೆಯಿದೆ.

ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು, ಅಂದರೆ ಭೂತಾಯಿಗೆ ಎಡೆ ಅರ್ಪಿಸಲು, ಹೊಲಕ್ಕೆ ಹೋದಾಗ ಇದೆಲ್ಲ ಒಟ್ಟಿಗೆ ಸಿಗುತ್ತದೆ: ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಮೊಸರು, ಕೈಗೆಟುಕುವ ದೂರದಲ್ಲಿ ಹಸಿ ಸೊಪ್ಪು. ಹೋಳಿಗೆ ಬಿಟ್ಟು ಸೊಪ್ಪಿಗೆ ಕೈಚಾಚುವ ಮಕ್ಕಳನ್ನು ಕಂಡರೆ ನನಗೆ ವಿಪರೀತ ಪ್ರೀತಿ. ಕಳೆನಾಶಕ ಸಿಂಪಡಿಸಿದ ಹೊಲದಲ್ಲಿ ಮಾತ್ರ ಈ ಊಟ ನಡೆಯುವುದಿಲ್ಲ. ಔಷಧಿಯ ಡಬ್ಬಿಗೆ ಹಕ್ಕರಿಕಿಯೂ ಕಳೆಯೇ, ನನಗೆ ಅದು ಬೆಳೆ.

ಸಂತೆಯಲ್ಲೂ ಹಕ್ಕರಿಕಿಯ ಸಿವುಡು ಸಿಗುತ್ತದೆ, ಕೊಳ್ಳುತ್ತೇನೆ ಕೂಡ. ಆದರೆ ಚೀಲದಲ್ಲಿ ಬಾಡಿ ಬಂದ ಸೊಪ್ಪಿಗೂ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಮಣ್ಣು ಕೊಡವಿ, ಚರಿಗೆಯ ನೀರಲ್ಲಿ ಅದ್ದಿ, ಖಟಿರೊಟ್ಟಿ ಮುರಿದು, ಶೇಂಗಾ ಹಿಂಡಿ ಸವರಿ ತಿನ್ನುವ ಸೊಪ್ಪಿಗೂ ಹೆಸರೊಂದೇ ಸಮಾನ. ಒಗ್ಗರಣೆ ಮಾತ್ರ ಬೇಡ, ದಯವಿಟ್ಟು.